ಕಿವಿಯ ತುದಿಯ ಒಂದು ಹನಿ ರಕ್ತ

ಹಠಾತ್ತನೆ ಸತ್ತ ದನವನ್ನು ಕೊಯ್ಯುವ ಮೊದಲು ಅದರ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂಬುದು ಪಶುವೈದ್ಯರಲ್ಲಿ ಬಹಳ ಹಳೆಯ ಕಟ್ಟಳೆ. ಮನುಷ್ಯರಲ್ಲಾದರೆ ಸಾವಿನ ಕಾರಣ ತಿಳಿಯದಿದ್ದಾಗ ಶವವನ್ನು ಕೊಯ್ದು ನೋಡುತ್ತಾರೆ. ಇಲ್ಲಿ ಕ್ರಮವೇ ತಿರುಗುಮುರುಗು. ಒಂದು ರೋಗ ಅಲ್ಲವೆಂದು ಮೊದಲು ಖಚಿತವಾಗಬೇಕು. ಅನಂತರವೇ ಕತ್ತಿಗೆ ಕೈಹಾಕಬೇಕು. ಆ ರೋಗದ ಹೆಸರು ನೆರಡಿ. ಇಂಗ್ಲಿಷಿನಲ್ಲಿ ಆಂಥ್ರಾಕ್ಸ್.

ಪಶುವೈದ್ಯಕೀಯ ಪ್ರಯೋಗಾಲಯವೊಂದರಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತಿದ್ದಾಗ ಈ ವಿಷಯ ಬಂತು. "ಸರ್, ಇದೆಲ್ಲ ನಿಮಗೆ ಹೇಗೆ ಗೊತ್ತು?" ಎಂದು ಆಶ್ಚರ್ಯಪಟ್ಟಳು. ಅವಳಿಗೆ ಹೇಳಿದ್ದನ್ನು ಉಳಿದವರೂ ಓದಲಿ ಎಂದು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

1979ರಲ್ಲಿ ನಾನು ತುಂಗಭದ್ರೆಯ ಎಡದಂಡೆಯ ಒಂದು ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ಶಾಲೆಯ ಹಿಂದೆಯೇ ಪಶುಚಿಕಿತ್ಸಾಲಯ. ಜನರ ಬಾಯಲ್ಲಿ ಅದು ದನದ ದವಾಖಾನೆ. ಅಲ್ಲಿನ ವೈದ್ಯರು ನನಗಿಂತ ಐದಾರು ವರ್ಷ ಹಿರಿಯರು, ಮಿತಭಾಷಿಗಳು. ಸಂಜೆ ಶಾಲೆ ಬಿಟ್ಟ ಮೇಲೆ ಅವರ ಮೇಜಿನ ಬಳಿ ಅರ್ಧ ಗಂಟೆ ಕುಳಿತು ಬರುವುದು ನನಗೆ ರೂಢಿಯಾಗಿತ್ತು. ಮೂಕಪ್ರಾಣಿ ತನ್ನ ನೋವನ್ನು ಹೇಳಿಕೊಳ್ಳಲಾರದು ಎಂದು ನಾವೆಲ್ಲ ಕನಿಕರದಿಂದ ಹೇಳುತ್ತೇವಷ್ಟೆ. ಅವರು ಈ ಮಾತನ್ನು ಒಪ್ಪುತ್ತಿರಲಿಲ್ಲ. "ಸೆಗಣಿ ಹೇಳುತ್ತದೆ ಮೇಷ್ಟ್ರೇ, ಕೇಳುವ ತಾಳ್ಮೆ ಬೇಕು" ಎನ್ನುತ್ತಿದ್ದರು.

ಆ ತಾಳ್ಮೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೆಗಣಿಯನ್ನು ನೀರಿನಲ್ಲಿ ಕದಡಿ, ಸೋಸಿ, ಗಾಜಿನ ಲೋಟದಲ್ಲಿ ತಿಳಿಯಾಗಲು ಬಿಡುವರು. ಮೇಲಿನ ನೀರು ಚೆಲ್ಲಿ ಮತ್ತೆ ನೀರು ಹಾಕುವರು. ಮೂರು ನಾಲ್ಕು ಬಾರಿ ಹೀಗೆ ಮಾಡಿ, ತಳದ ಗಸಿಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಡುವರು. ಅದರಲ್ಲಿ ಒಂದು ತುದಿಗೆ ಮುಚ್ಚಳವಿರುವ ಮೊಟ್ಟೆಗಳು ಕಾಣುತ್ತಿದ್ದವು. ಬಣ್ಣ ಹಳದಿಯಾಗಿದ್ದರೆ ಅದು ಯಕೃತ್ತಿನ ಚಪ್ಪಟೆ ಹುಳುವಿನದು. ಬಣ್ಣವಿಲ್ಲದೆ ತಿಳಿಯಾಗಿದ್ದರೆ ಹೊಟ್ಟೆಯಲ್ಲಿ ನೆಲಸುವ ಬೇರೊಂದು ಹುಳುವಿನದು. ಎರಡೂ ಕೆರೆಯಂಚಿನ ಬಸವನಹುಳುಗಳ ಮೂಲಕವೇ ದನಕ್ಕೆ ಬರತಕ್ಕವು. ಮಿಶ್ರತಳಿಯ ಹಸುಗಳು ಊರಿಗೆ ಬರತೊಡಗಿದ ಕಾಲವದು. ಅವುಗಳಿಗೆ ಉಣುಗುಗಳಿಂದ ಥೈಲೇರಿಯಾ ಜ್ವರ ತಗಲುತ್ತಿತ್ತು. ಉಬ್ಬಿದ ಹಾಲುರಸ ಗ್ರಂಥಿಯಿಂದ ಸೂಜಿಯಲ್ಲಿ ತೆಗೆದ ರಸಕ್ಕೆ ಗೀಮ್ಸಾ ಬಣ್ಣ ಹಾಕಿದರೆ ಬಿಳಿಯ ರಕ್ತಕಣಗಳೊಳಗೆ ನೀಲಿ ಚುಕ್ಕೆಗಳ ಗುಂಪು ಕಾಣುವುದು. ಅವಕ್ಕೆ ಕಾಕ್‌ನ ನೀಲಿ ಕಾಯಗಳೆಂದು ಹೆಸರು. ಕ್ಷಯದ ರೋಗಾಣುವನ್ನು ಕಂಡುಹಿಡಿದ ರಾಬರ್ಟ್ ಕಾಕ್ ಎಂದು ನೀವು ಪಾಠದಲ್ಲಿ ಓದಿದ್ದೀರಲ್ಲ, ಅದೇ ಮಹಾಶಯ.

ಪಾಠದಲ್ಲಿ ನಾನೂ ಒತ್ತಿ ಹೇಳದೆ ಹೋಗುತ್ತಿದ್ದ ಸಂಗತಿಯೆಂದರೆ, ಕಾಕ್‌ನ ಕೀರ್ತಿ ಆರಂಭವಾದದ್ದು ಕುರಿದನಗಳ ಕಾಯಿಲೆಯಿಂದ. ವೊಲ್‌ಸ್ಟೈನ್ ಎಂಬ ಸಣ್ಣ ಊರಿನಲ್ಲಿ ಸರಕಾರಿ ವೈದ್ಯನಾಗಿದ್ದಾಗ ಆತ ಮನೆಯಲ್ಲಿಯೇ ಪ್ರಯೋಗ ನಡೆಸುತ್ತಿದ್ದ. ನೆರಡಿಯಿಂದ ಸತ್ತ ಪ್ರಾಣಿಗಳ ರಕ್ತವನ್ನು ಕಟ್ಟಿಗೆಯ ಚೂರುಗಳಿಂದ ಇಲಿಗಳಿಗೆ ಚುಚ್ಚಿದ. ರೋಗಾಣುವನ್ನು ಎತ್ತಿನ ಕಣ್ಣಿನೊಳಗಿನ ದ್ರವದಲ್ಲಿ ಬೆಳೆಸಿದ. ಕಡ್ಡಿಯಾಕಾರದ ಆ ರೋಗಾಣು ಬೀಜಾಣುವಾಗುವುದನ್ನೂ, ಬೀಜಾಣು ಮತ್ತೆ ಕಡ್ಡಿಯಾಗುವುದನ್ನೂ ಕಂಡು 1876ರಲ್ಲಿ ಪ್ರಕಟಿಸಿದ. ಇಂಥ ರೋಗಕ್ಕೆ ಇಂಥದೇ ಸೂಕ್ಷ್ಮಜೀವಿ ಕಾರಣವೆಂದು ಮೊಟ್ಟಮೊದಲು ಸಿದ್ಧವಾದದ್ದು ಹೀಗೆ.

ಸತ್ತ ದನವನ್ನು ಏಕೆ ಕೊಯ್ಯಬಾರದೆಂಬುದಕ್ಕೆ ಉತ್ತರವೂ ಈ ಬೀಜಾಣುವಿನಲ್ಲಿಯೇ ಇದೆ. ಮುಚ್ಚಿದ ಮೈಯೊಳಗೆ ಗಾಳಿಯಿಲ್ಲ; ಅಲ್ಲಿ ಕಡ್ಡಿಗಳು ಬೀಜಾಣುಗಳಾಗಲಾರವು, ಹೆಣ ಕೊಳೆಯುತ್ತಿದ್ದಂತೆ ಕೆಲವು ದಿನಗಳಲ್ಲಿ ತಾವೂ ನಾಶವಾಗುತ್ತವೆ. ಕೊಯ್ದರೆ ರಕ್ತ ಗಾಳಿಗೆ ತೆರೆದುಕೊಳ್ಳುತ್ತದೆ, ಬೀಜಾಣುಗಳು ಹುಟ್ಟುತ್ತವೆ. ಅವು ಮಣ್ಣಿಗೆ ಸೇರಿದರೆ ಹತ್ತಾರು ವರ್ಷ ಸಾಯುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬ್ರಿಟಿಷರು ಸ್ಕಾಟ್ಲೆಂಡಿನ ಗ್ರೂಯಿನಾರ್ಡ್ ಎಂಬ ನಡುಗಡ್ಡೆಯಲ್ಲಿ ಈ ರೋಗಾಣುವಿನ ಬಾಂಬನ್ನು ಪರೀಕ್ಷಿಸಿದರು. 1986ರಲ್ಲಿ ಆ ನೆಲಕ್ಕೆ ಸಮುದ್ರದ ನೀರಿನಲ್ಲಿ ಬೆರೆಸಿದ ಫಾರ್ಮಾಲ್ಡಿಹೈಡ್ ಸುರಿಯಬೇಕಾಯಿತು. ನಡುಗಡ್ಡೆ ನಿರಪಾಯವೆಂದು ಸಾರಿದ್ದು 1990ರಲ್ಲಿ.

ಇನ್ನು ನಮ್ಮ ಊರಿನ ಸಂಗತಿ. ಆ ವರ್ಷ ಜೂನಿನಲ್ಲಿ ಎರಡು ಮಳೆ ಬಿದ್ದು ಬಿತ್ತನೆಗೆ ಜನ ಸಜ್ಜಾಗುತ್ತಿದ್ದರು. ಒಂದು ಬೆಳಿಗ್ಗೆ ರೈತನೊಬ್ಬನ ಎತ್ತು ಹಟ್ಟಿಯಲ್ಲಿ ಸತ್ತುಬಿದ್ದಿತ್ತು. ರಾತ್ರಿ ಮೇವು ತಿಂದಿತ್ತಂತೆ. ಹೊಟ್ಟೆ ಉಬ್ಬಿತ್ತು, ಮೂಗಿನಿಂದ ಕಪ್ಪಾದ ರಕ್ತ ಸುರಿದು ಹೆಪ್ಪುಗಟ್ಟದೆ ಹಾಗೆಯೇ ಇತ್ತು. "ಹಾವು ಕಡದೈತ್ರೀ ಸಾಹೇಬ್ರ" ಎಂದು ರೈತ ಹೇಳಿದ. ಸತ್ತ ದನವನ್ನು ಹೊತ್ತೊಯ್ಯುವ ಹೊಣೆ ಆಗ ಊರ ಹೊರಗಿನ ಕೇರಿಯವರದು. ಚರ್ಮ, ಮಾಂಸ ಅವರಿಗೆ ಸಲ್ಲಬೇಕಾದ ಕೂಲಿ. ನಾಲ್ವರು ಕತ್ತಿ, ಹಗ್ಗ, ಬಿದಿರಿನ ಬೊಂಬು ಹಿಡಿದು ಬಂದು ಕಾದು ನಿಂತಿದ್ದರು.

ವೈದ್ಯರು ಯಾರನ್ನೂ ಹತ್ತಿರ ಬಿಡಲಿಲ್ಲ. ಕೈಗವಸು ತೊಟ್ಟು ಎತ್ತಿನ ಕಿವಿಯ ನಾಳಕ್ಕೆ ಸೂಜಿ ಚುಚ್ಚಿ, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಎಳೆದರು. ಚುಚ್ಚಿದ ಜಾಗಕ್ಕೆ ಔಷಧಿಯಲ್ಲಿ ಅದ್ದಿದ ಹತ್ತಿಯನ್ನು ಒತ್ತಿ ಕಟ್ಟಿದರು. ದವಾಖಾನೆಯ ಸೂಕ್ಷ್ಮದರ್ಶಕ ದುರಸ್ತಿಗೆ ಹೋಗಿ ತಿಂಗಳುಗಳಾಗಿದ್ದವು. ಹೀಗಾಗಿ ಶಾಲೆಯದೇ ಗತಿ. ನಮ್ಮದರಲ್ಲಿ ಅಷ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಇರಲಿಲ್ಲ. ಎಣ್ಣೆಯ ಹನಿ ಹಾಕಿ ನೋಡುವ ತಮ್ಮ ಮಸೂರವನ್ನು ಅವರು ಪುಟ್ಟ ಡಬ್ಬಿಯಲ್ಲಿ ತಂದಿದ್ದರು. ಅದರ ತಿರುಪು ನಮ್ಮದಕ್ಕೆ ಸರಿಯಾಗಿ ಕೂಡಿತು. ಕನ್ನಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದವನು ನಾನು.

ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಮೆಥಿಲೀನ್ ಬ್ಲೂ. ಆದರೆ ಹೊಸದು ಪ್ರಯೋಜನಕ್ಕೆ ಬಾರದು. ಉಪ್ಪಿನಕಾಯಿಯ ಹಾಗೆ ಗಾಳಿಯಾಡುತ್ತ ತಿಂಗಳುಗಟ್ಟಲೆ ಹಳೆಯದಾಗಬೇಕು. ಹಾಗೆ ಮಾಗಿದ ಬಣ್ಣವನ್ನು ಹಾಕಿದರೆ ನೆರಡಿಯ ಕಡ್ಡಿ ನೀಲಿಯಾಗಿಯೂ ಅದರ ಸುತ್ತಲಿನ ಕವಚ ಗುಲಾಬಿಯಾಗಿಯೂ ಕಾಣುತ್ತದೆ. ಇದನ್ನು 1903ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ಪಶುವೈದ್ಯ ಜಾನ್ ಮ್ಯಾಕ್‌ಫೇಡಿಯನ್. ಸತ್ತ ದನ ಕೊಳೆಯುವಾಗ ಬೇರೆ ಕಡ್ಡಿಯಾಕಾರದ ಸೂಕ್ಷ್ಮಜೀವಿಗಳೂ ರಕ್ತಕ್ಕೆ ನುಗ್ಗುತ್ತವೆ. ನೀಲಿ ಕಡ್ಡಿಯೊಂದನ್ನೇ ನೆಚ್ಚಿದರೆ ಮೋಸಹೋಗುವ ಸಂಭವವುಂಟು. ಗುಲಾಬಿ ಅಂಚು ಕಂಡರೆ ಮಾತ್ರ ನಂಬಿಕೆ.

ಅವರು ಎರಡು ನಿಮಿಷ ನೋಡಿ ಪಕ್ಕಕ್ಕೆ ಸರಿದರು. ನಾನು ಬಗ್ಗಿ ನೋಡಿದೆ. ಸಣ್ಣ ಬಿದಿರ ತುಂಡುಗಳನ್ನು ಎರಡು ಮೂರರಂತೆ ಒಂದರ ತುದಿಗೊಂದು ಜೋಡಿಸಿಟ್ಟ ಹಾಗೆ ನೀಲಿ ಸರಗಳು; ತುದಿಗಳು ಕತ್ತರಿಸಿದಷ್ಟು ನೇರ. ಸುತ್ತಲೂ ಹರಿದ ಅರಿವೆಯಂಥ ಗುಲಾಬಿ ಮಬ್ಬು. ನೋಡಲು ಅಂದವಾಗಿತ್ತೆಂದು ಬರೆಯಲು ಸಂಕೋಚವಾಗುತ್ತದೆ, ಆದರೂ ಅಂದವಾಗಿಯೇ ಇತ್ತು.

ಅವರು ಗಾಜಿನ ಪಟ್ಟಿಯನ್ನು ಔಷಧಿಯ ತಟ್ಟೆಗೆ ಹಾಕಿ, ಹೊರಗೆ ಹೋಗಿ ಮೊದಲು ಮಾಡಿದ ಕೆಲಸವೆಂದರೆ ಕಾದುನಿಂತ ನಾಲ್ವರ ಕೈಗಳನ್ನು ಒಬ್ಬೊಬ್ಬರದಾಗಿ ತಿರುಗಿಸಿ ನೋಡಿದ್ದು. ಮೂರನೆಯವನ ಮುಂಗೈ ಮೇಲೆ ಇದ್ದಿಲಿನಷ್ಟು ಕಪ್ಪಾದ ಹಕ್ಕಳೆಯಿತ್ತು, ಸುತ್ತ ಬಾವು. ಆಂಥ್ರಾಕ್ಸ್ ಎಂಬ ಗ್ರೀಕ್ ಪದಕ್ಕೆ ಇದ್ದಿಲೆಂದೇ ಅರ್ಥ. "ನೋವೇನಿಲ್ರೀ ಸಾಹೇಬ್ರ" ಎಂದ ಅವನು. ನೋವಿಲ್ಲದಿರುವುದೇ ಆ ಹುಣ್ಣಿನ ಲಕ್ಷಣ. ಹತ್ತು ದಿನಗಳ ಹಿಂದೆ ಪಕ್ಕದ ಹಳ್ಳಿಯಲ್ಲಿ ಸತ್ತ ಕುರಿಯೊಂದನ್ನು ಸುಲಿದಿದ್ದನಂತೆ. ಅಂದೇ ಅವನನ್ನು ಬಸ್ಸಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು. ಕೈಯಲ್ಲಿ ಚೀಟಿ ಇದ್ದುದರಿಂದ ಅಲ್ಲಿನ ವೈದ್ಯರು ಅನುಮಾನಿಸದೆ ಪೆನಿಸಿಲಿನ್ ಚುಚ್ಚಿದರು. ಅವನು ಬದುಕಿದ.

ಎತ್ತನ್ನು ಆಳವಾದ ಗುಂಡಿಯಲ್ಲಿ ಹೂಳಿದರು. ಮೇಲೆ ಸುಣ್ಣ ಹಾಕಿದ್ದು ನನಗೆ ನೆನಪಿದೆ. ಸುಣ್ಣದ ಕ್ಯಾಲ್ಸಿಯಂ ಬೀಜಾಣುವಿನ ಬಾಳಿಕೆಗೆ ನೆರವಾಗಬಹುದೆಂಬ ಶಂಕೆಯಿಂದ ಈಗಿನ ತಜ್ಞರು ಅದನ್ನು ಬೇಡವೆನ್ನುತ್ತಾರೆ. ಬೆಂಗಳೂರಿನ ಹೆಬ್ಬಾಳದಿಂದ ಲಸಿಕೆ ಬಂದು ಊರಿನ ದನಗಳಿಗೆಲ್ಲ ಚುಚ್ಚಿದ್ದಾಯಿತು. ಆ ಲಸಿಕೆಯ ಮೂಲ 1930ರ ದಶಕದಲ್ಲಿ ದಕ್ಷಿಣ ಆಫ್ರಿಕದ ಮ್ಯಾಕ್ಸ್ ಸ್ಟರ್ನ್ ಪಡೆದ ತಳಿ. ಕವಚವನ್ನು ಕಳೆದುಕೊಂಡ ರೋಗಾಣು ಅದು. ಗುಲಾಬಿ ಅಂಚಿಲ್ಲದ್ದು ಎಂದರೆ ನಿಮಗೆ ಬೇಗ ಅರ್ಥವಾದೀತು.

ನನ್ನನ್ನು ಬಹುಕಾಲ ಕಾಡಿದ್ದು ಬೇರೆಯೇ. ಆ ದಿನ ಚರ್ಮವಿಲ್ಲ, ಕೂಲಿಯಿಲ್ಲ. ಮೇಲೆ ಗುಂಡಿ ತೋಡಿದ ದುಡಿಮೆಯೂ ಅವರದೇ. ಒಂದು ಎತ್ತಿನ ಚರ್ಮವೆಂದರೆ ಆ ನಾಲ್ಕು ಮನೆಗಳಿಗೆ ಸಣ್ಣ ಮೊತ್ತವಲ್ಲ. ರೈತನ ನಷ್ಟದ ಬಗ್ಗೆ ಅರ್ಜಿ ಬರೆದುಕೊಟ್ಟೆವು. ಇವರ ನಷ್ಟಕ್ಕೆ ಅರ್ಜಿಯ ನಮೂನೆಯೇ ಇರಲಿಲ್ಲ. ಕಡೆಗೆ ವೈದ್ಯರು ತಮ್ಮ ಜೇಬಿನಿಂದ ಏನೋ ಕೊಟ್ಟರು. ನಾನೂ ಕೊಟ್ಟೆ. ಅದು ಪರಿಹಾರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕಣ್ಣಿಗೆ ಕಾಣದ ಒಂದು ಜೀವಿಯ ಮಾತು ನಂಬಿ, ಕಣ್ಣೆದುರಿನ ಕೂಲಿಯನ್ನು ಬಿಡಿ ಎಂದು ಅವರಿಗೆ ಹೇಳಿದ್ದೆವು. ಅವರು ಬಿಟ್ಟರು. ಓದಿದವರು ಅಷ್ಟು ಸುಲಭವಾಗಿ ಬಿಡುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಈಗ ಪಿ.ಸಿ.ಆರ್. ಪರೀಕ್ಷೆ ಬಂದಿದೆ, ರೋಗಾಣುವಿನ ವಿಷದ ಜೀನನ್ನೂ ಕವಚದ ಜೀನನ್ನೂ ಬೇರೆಬೇರೆಯಾಗಿ ಗುರುತಿಸುತ್ತಾರೆ. ಆದರೂ ದನ ಸತ್ತ ಊರಿನಲ್ಲಿ ಮೊದಲು ತೆಗೆಯುವುದು ಇಂದಿಗೂ ಕಿವಿಯ ರಕ್ತವನ್ನೇ ಎಂದು ನನ್ನ ವಿದ್ಯಾರ್ಥಿನಿ ಹೇಳಿದಳು.

ಆಸ್ಪತ್ರೆಯಿಂದ ಮರಳಿದ ಕೆಲವು ದಿನಗಳ ಮೇಲೆ ಆ ಮನುಷ್ಯ ಶಾಲೆಯ ಬಾಗಿಲಿಗೆ ಬಂದು ನಿಂತ. ಕೈಗೆ ಕಟ್ಟಿದ ಪಟ್ಟಿ ಇನ್ನೂ ಇತ್ತು. "ಆ ಹುಳ ನನಗೂ ಒಂದ್ಸಲ ತೋರಸ್ರೀ ಸರ" ಎಂದ. ಆ ಪಟ್ಟಿಯನ್ನು ಅಂದೇ ನಾಶಪಡಿಸಿದ್ದೆವು, ಹಾಗೆಂದು ತಿಳಿಸಿದೆ. ಅವನು ಹೋಗಲಿಲ್ಲ. ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸಿ, ಒಂಬತ್ತನೆಯ ತರಗತಿಗೆಂದು ಸಿದ್ಧಮಾಡಿಟ್ಟಿದ್ದ ಈರುಳ್ಳಿಯ ಪೊರೆಯನ್ನು ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

"ಇಟ್ಟಂಗಿ ಜೋಡಿಸಿದಂಗ ಐತಲ್ರೀ" ಎಂದ.