ನಾಯಿಯ ಶಾಲೆಯಲ್ಲಿ ನಾವು ಕಲಿತ ಪಾಠ

ಮನೆಯಲ್ಲಿ ನಾಯಿ ಸಾಕುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಹೊಲದ ಮನೆಗೆ, ಕಣಕ್ಕೆ, ಕುರಿಯ ಹಟ್ಟಿಗೆ ನಾಯಿ ಬೇಕೇ ಬೇಕು. ಆದರೆ ಬಯಲಿನಲ್ಲಿ ಬೆಳೆಯಬೇಕಾದ ಪ್ರಾಣಿಯನ್ನು ಪಟ್ಟಣದ ಗೇಟಿನೊಳಗೆ ತಂದಿಟ್ಟುಕೊಂಡಾಗ ಅದೂ ನಾವೂ ಕಲಿಯಬೇಕಾದದ್ದು ಬಹಳ ಉಳಿದಿರುತ್ತದೆ. ಈ ಸತ್ಯ ನಮಗೆ ತಿಳಿದದ್ದು 2018ರಲ್ಲಿ, ಅದೂ ನೋವಿನಿಂದ.

ಧಾರವಾಡದ ನಮ್ಮ ಮನೆಗೆ ಬಂಧುಗಳೊಬ್ಬರು ಮುಧೋಳ ತಳಿಯ ಮರಿಯೊಂದನ್ನು ಕೊಟ್ಟಿದ್ದರು. ಮಕ್ಕಳು ಅದಕ್ಕೆ ಚಂದ್ರಿ ಎಂದು ಹೆಸರಿಟ್ಟರು. 2005ರಲ್ಲಿ ಅಂಚೆ ಇಲಾಖೆಯು ಅಂಚೆಚೀಟಿಯಲ್ಲಿ ಅಚ್ಚಿಸಿ ಗೌರವಿಸಿದ ತಳಿ ಇದು ಎಂಬ ಹೆಮ್ಮೆ ನಮಗಿತ್ತು. ಆದರೆ ಇದು ಕಣ್ಣಿನಿಂದ ಕಂಡು ಬೆನ್ನಟ್ಟುವ ಬೇಟೆನಾಯಿ, ಓಡುವುದು ಕಂಡೊಡನೆ ಇದರ ಕಾಲು ನಿಲ್ಲದು ಎಂಬ ಅರಿವು ಇರಲಿಲ್ಲ. ಒಂದು ಸಂಜೆ ಗೇಟಿನ ಚಿಲಕ ಹಾಕಲು ಮರೆತೆವು. ಎದುರು ಮನೆಯ ಏಳು ವರ್ಷದ ಹುಡುಗ ಸೈಕಲ್ಲಿನಲ್ಲಿ ಹೊರಟಿದ್ದ. ಚಂದ್ರಿ ಬೆನ್ನಟ್ಟಿತು, ಹುಡುಗ ಬಿದ್ದ, ಹಲ್ಲೋ ಉಗುರೋ ತಗುಲಿ ಮೊಣಕಾಲಿನ ಕೆಳಗೆ ರಕ್ತ ಬಂದಿತು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ದೆವು. ಚಂದ್ರಿಗೆ ರೇಬೀಸ್ ಲಸಿಕೆ ಆಗಿತ್ತಾದರೂ ವೈದ್ಯರು ಹುಡುಗನಿಗೆ ಚುಚ್ಚುಮದ್ದು ಆರಂಭಿಸಿದರು.

ಅಂದಿನಿಂದ ಎದುರು ಮನೆಯವರು ಮಾತು ಬಿಟ್ಟರು. ಹದಿನೆಂಟು ಯುಗಾದಿಗಳ ಬೇವುಬೆಲ್ಲ ಹಂಚಿಕೊಂಡವರು ಅವರು. ಬಡಾವಣೆಯ ಸಭೆಯಲ್ಲಿ “ನಾಯಿ ಒಯ್ದು ಊರಾಚೆ ಬಿಟ್ಟು ಬರ್ರಿ” ಎಂಬ ಮಾತು ಬಂದಾಗ ನಾವು ತಲೆತಗ್ಗಿಸಿ ಕುಳಿತೆವು. ಆಗ ಹಿರಿಯರೊಬ್ಬರು ಎದ್ದು, “ನಾಯಿ ಸಾಕಿದ ಮನಿ ಇನ್ನೂ ಆರು ಅದಾವು. ಇವತ್ತು ಇವರ ಪಾಳಿ, ನಾಳೆ ಇನ್ನೊಬ್ಬರದು. ಎಲ್ಲಾ ನಾಯಿಗೂ ಕೂಡಿ ಒಂದು ಸಾಲಿ ಮಾಡ್ರಿ” ಎಂದರು. ಹೀಗೆ ಪ್ರತಿ ಭಾನುವಾರ ಬೆಳಿಗ್ಗೆ ಬಡಾವಣೆಯ ಮೈದಾನದಲ್ಲಿ ತರಗತಿ ನಡೆಸುವುದೆಂದು ನಿಶ್ಚಯವಾಯಿತು.

ತಪ್ಪು ಮಾಡಿದ್ದು ಮುಂದೆ. ಶಿಕ್ಷಕನನ್ನು ಹುಡುಕುವಾಗ ನಾವು ಕೇಳಿದ ಪ್ರಶ್ನೆ ಒಂದೇ: “ಎಷ್ಟು ತಗೋತೀರಿ?” ಬಂದವರು ಚೌಕಟ್ಟು ಹಾಕಿಸಿದ ಪತ್ರಗಳನ್ನು ತೋರಿಸಿ, ಹದಿನೈದು ದಿನಗಳಲ್ಲಿ ಎಂಥ ನಾಯಿಯನ್ನಾದರೂ ತಿದ್ದುವೆನೆಂದು ಭರವಸೆ ಕೊಟ್ಟರು. ಎಳೆದರೆ ಕತ್ತು ಬಿಗಿಯುವ ಸರಪಳಿ ಅವರ ಮುಖ್ಯ ಸಾಧನ. ಮೈದಾನದಾಚೆ ಯಾವುದಾದರೂ ಮಗು ಓಡಿದರೆ ಚಂದ್ರಿ ಕಿವಿ ನಿಮಿರಿಸುತ್ತಿತ್ತು. ಒಡನೆ ಸರಪಳಿಯ ಜಗ್ಗು. ಮೂರನೆಯ ಭಾನುವಾರ ಅದು ಮೈದಾನದ ಅಂಚಿನಲ್ಲೇ ಹೆದರಿ ಉಚ್ಚೆ ಹೊಯ್ದುಕೊಂಡಿತು. ಆ ವಾರ ನಮ್ಮ ಮಗಳನ್ನು ಕಂಡು ಮೊದಲ ಬಾರಿಗೆ ಗುರುಗುಟ್ಟಿತು.

ಗಾಬರಿಯಿಂದ ನಿವೃತ್ತ ಪಶುವೈದ್ಯರೊಬ್ಬರ ಬಳಿಗೆ ಹೋದೆವು. ಅವರು ಸಮಾಧಾನದಿಂದ ಹೇಳಿದರು: “ನಾಯಿ ತನ್ನ ತಪ್ಪನ್ನ ನೆನಸಂಗಿಲ್ಲ, ಪೆಟ್ಟು ಬಿದ್ದಾಗ ಕಣ್ಣ ಮುಂದೆ ಯಾರಿದ್ದರು ಅನ್ನೂದನ್ನ ನೆನಸತೈತಿ.” ಎಷ್ಟು ನಿಜ! ಮಗುವನ್ನು ಕಂಡಾಗಲೆಲ್ಲ ನೋವು ಉಂಟಾದರೆ, ಮಗುವೇ ನೋವಿನ ಗುರುತಾಗುತ್ತದೆ. ಗಂಟೆಯ ಸದ್ದಿಗೂ ಆಹಾರಕ್ಕೂ ಗಂಟು ಬೀಳುವುದನ್ನು ರಷ್ಯಾದ ಪಾವ್ಲೋವ್ ತೋರಿಸಿದ್ದನ್ನು ಶಾಲೆಯಲ್ಲಿ ಓದಿದ್ದೆವು. ಹೆದರಿಕೆಗೂ ಅದೇ ನಿಯಮವೆಂದು ಹೊಳೆದಿರಲಿಲ್ಲ. ಪ್ರಾಣಿವರ್ತನೆಯನ್ನು ಅಭ್ಯಸಿಸುವ ಅಮೆರಿಕೆಯ ಪಶುವೈದ್ಯರ ಸಂಘವು 2021ರಲ್ಲಿ, ಎಲ್ಲ ನಾಯಿಗಳಿಗೂ ಬಹುಮಾನದ ಮೂಲಕವೇ ಕಲಿಸಬೇಕೆಂದು ಪ್ರಕಟಿಸಿತು. ನಮ್ಮ ದೇಶದಲ್ಲಿಯೂ ಪ್ರಾಣಿಯನ್ನು ಹೊಡೆದು ವೃಥಾ ನೋಯಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಅಪರಾಧ.

ಶಿಕ್ಷಕನ ಯೋಗ್ಯತೆಯನ್ನು ಅಳೆಯುವುದು ಹೇಗೆಂಬುದನ್ನೂ ಆ ವೈದ್ಯರೇ ತಿಳಿಸಿದರು. ಅಮೆರಿಕೆಯಲ್ಲಿ 2001ರಲ್ಲಿ ಆರಂಭವಾದ ಮಂಡಳಿಯೊಂದು ಪರೀಕ್ಷೆ ನಡೆಸಿ, ಕಲಿಸಿದ ಅನುಭವದ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿದು ಪ್ರಮಾಣಪತ್ರ ಕೊಡುತ್ತದೆ. ಪತ್ರ ಕಂಡರೆ ಅದನ್ನು ಕೊಟ್ಟವರು ಯಾರು, ಪರೀಕ್ಷೆ ಇತ್ತೋ ಅಥವಾ ಹಣ ಕಟ್ಟಿದ್ದಕ್ಕೆ ಬಂದದ್ದೋ ಎಂದು ವಿಚಾರಿಸಬೇಕು. ಪತ್ರಕ್ಕಿಂತ ಮಿಗಿಲಾದುದು ಕೆಲವು ನೇರ ಪ್ರಶ್ನೆಗಳು. ನಾಯಿ ಸರಿಯಾಗಿ ಮಾಡಿದಾಗ ನೀವು ಏನು ಮಾಡುತ್ತೀರಿ? ತಪ್ಪಿದಾಗ ಏನು ಮಾಡುತ್ತೀರಿ? ನಾಯಿಯಿಲ್ಲದೆ ಬಂದು ನಿಮ್ಮ ತರಗತಿಯನ್ನು ಒಮ್ಮೆ ನೋಡಬಹುದೇ? ಲಸಿಕೆಯ ಚೀಟಿ ನೋಡಿ ಸೇರಿಸಿಕೊಳ್ಳುತ್ತೀರಾ? ಕಚ್ಚುವ ನಾಯಿ ಬಂದರೆ ಮೊದಲು ಪಶುವೈದ್ಯರಿಗೆ ತೋರಿಸಲು ಹೇಳುತ್ತೀರಾ? ದಿನ ಎಣಿಸಿ ಭರವಸೆ ಕೊಡುವವರಿಂದ ದೂರವಿರಬೇಕು.

ಎರಡನೆಯ ಸಲ ಬಂದ ತರುಣಿ ಮೊದಲ ದಿನವೇ, “ನಾನು ಕಲಿಸುವುದು ನಾಯಿಗಲ್ಲ, ನಿಮಗೆ” ಎಂದಳು. ಆಕೆಯ ಕೈಯಲ್ಲಿ ಸರಪಳಿ ಇರಲಿಲ್ಲ. ಚೀಲದಲ್ಲಿ ರೊಟ್ಟಿಯ ಚೂರು, ಬೇಯಿಸಿದ ಗಜ್ಜರಿ ಇದ್ದವು. ನಾಯಿ ಕುಳಿತ ಕ್ಷಣದಲ್ಲೇ ಚೂರು ಸಿಗಬೇಕು, ತಡವಾದರೆ ಅದು ಬೇರೆಯದಕ್ಕೆ ಬಹುಮಾನವಾಗುತ್ತದೆ ಎಂದು ತಿದ್ದಿದಳು. ಅವ್ವ “ಕೂಡ್ರು” ಎಂದರೆ ಮಕ್ಕಳು “ಸಿಟ್” ಎನ್ನುತ್ತಿದ್ದರು. ಮನೆಮಂದಿಗೆಲ್ಲ ಒಂದೇ ಮಾತಿರಲೆಂದು ಆಕೆ ಹೇಳಿದ ಮೇಲೆ ಅವ್ವನ “ಕೂಡ್ರು” ಗೆದ್ದಿತು. ಚಂದ್ರಿಯ ಹೆದರಿಕೆ ಹೋಗಲು ತಿಂಗಳುಗಳೇ ಹಿಡಿದವು. ಮಕ್ಕಳ ಸೈಕಲ್ಲನ್ನು ಮೊದಲು ಮೈದಾನದ ಆಚೆ ತುದಿಯಲ್ಲಿ ಓಡಿಸಿ, ಅದು ಶಾಂತವಾಗಿದ್ದಂತೆ ವಾರವಾರವೂ ಹತ್ತಿರ ತಂದೆವು.

ಒಂದು ಭಾನುವಾರ ಆ ಸೈಕಲ್ಲಿನ ಮೇಲೆ ಎದುರು ಮನೆಯ ಹುಡುಗನೇ ಬಂದ. ಅವನ ತಾಯಿ ಮೈದಾನದ ಬಾಗಿಲಲ್ಲಿ ನಿಂತಿದ್ದರು. ಹಗ್ಗ ನಮ್ಮ ಕೈಯಲ್ಲಿ ಬಿಗಿಯಾಗಿತ್ತು. ಎದೆ ಅದಕ್ಕಿಂತ ಬಿಗಿಯಾಗಿತ್ತು. ಚಂದ್ರಿ ಕಿವಿ ನಿಮಿರಿಸಿತು, ನಮ್ಮ ಮುಖ ನೋಡಿತು, ಕುಳಿತಿತು. ಆ ತಾಯಿ ಏನೂ ಮಾತನಾಡಲಿಲ್ಲ. ಆದರೆ ಮುಂದಿನ ಯುಗಾದಿಗೆ ಬೇವುಬೆಲ್ಲದ ಬಟ್ಟಲು ಎದುರು ಮನೆಯಿಂದಲೇ ಮೊದಲು ಬಂದಿತು.

ನಾಯಿ ಕಲಿತಿದೆಯೆಂದು ನಾವು ಮೈಮರೆತಿಲ್ಲ. ನಮ್ಮ ಗೇಟಿಗೆ ಈಗ ಎರಡು ಚಿಲಕಗಳಿವೆ.