ಕರಿಕೋಟಿನ ಗಾಯಕ

ಭದ್ರಾವತಿಯಿಂದ ಶಿವಮೊಗ್ಗೆಗೆ ಬರುವ ಬಸ್ಸಿನಲ್ಲಿ ಯಾರದೋ ಮೊಬೈಲಿನಿಂದ ಶಿಶುನಾಳ ಶರೀಫರ ಪದವೊಂದು ಕೇಳಿಬಂದೊಡನೆ, ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಜನಿಸಿ, ವಕೀಲಿಯನ್ನು ಜೀವನೋಪಾಯಕ್ಕೂ ಗಾಯನವನ್ನು ಆತ್ಮತೃಪ್ತಿಗೂ ಇರಿಸಿಕೊಂಡಿದ್ದ ಶಿವಮೊಗ್ಗ ಸುಬ್ಬಣ್ಣನವರು ನೆನಪಾದರು. ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಪಡೆದ ಪ್ರಥಮ ಕನ್ನಡ ಗಾಯಕರಾಗಿಯೂ ಅವರು ಜನಮಾನಸದಲ್ಲಿ ನೆಲೆಯೂರಿದ್ದು ಚಿತ್ರಗೀತೆಗಳಿಂದಲ್ಲ; ಆಕಾಶವಾಣಿಯಿಂದ, ಊರೂರಿನ ವೇದಿಕೆಗಳಿಂದ, ಸಿನಿಮಾದ ಹಂಗಿಲ್ಲದೆಯೂ ಕವಿತೆ ಅಂಗಡಿಯಲ್ಲಿ ಮಾರಾಟವಾಗಬಲ್ಲುದೆಂಬುದನ್ನು ತೋರಿದ ಕ್ಯಾಸೆಟ್ಟುಗಳಿಂದ. ಗೋವಿಂದಭಟ್ಟರ ಮುಸಲ್ಮಾನ ಶಿಷ್ಯ ಶರೀಫರ ತತ್ತ್ವಪದಗಳನ್ನು ಏರುಕಂಠದಲ್ಲಿ ಹಾಡುತ್ತಿದ್ದಾಗ ಸುಬ್ಬಣ್ಣನವರ ಭಕ್ತಿಗೆ ಗುಡಿಯೋ ಮಸೀದಿಯೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. (ನ್ಯಾಯಾಲಯದಲ್ಲಿಯೂ ಆ ಕಂಠವನ್ನು ಹಾಗೆಯೇ ಏರಿಸುತ್ತಿದ್ದರೋ ಏನೋ!) ಬಸ್ಸು ನಿಲ್ದಾಣ ಸೇರಿತು, ಮೊಬೈಲಿನವನು ಪದ ಮುಗಿಯುವವರೆಗೆ ಇಳಿಯಲಿಲ್ಲ, ನಾನೂ ಇಳಿಯಲಿಲ್ಲ.