ಕೆಮ್ಮಣ್ಣಿನ ಗೆರೆ

ವಿದ್ಯಾನಗರದ ನಮ್ಮ ಬೀದಿಯಲ್ಲಿ ಯಾರ ಮನೆಯವರ ಸ್ನಾನ ಎಷ್ಟು ಹೊತ್ತಿಗೆ ಎಂಬುದು ಒಂದು ಕಾಲಕ್ಕೆ ಗುಟ್ಟಾಗಿರಲಿಲ್ಲ. ಬಚ್ಚಲಿನ ಹೆಂಚಿನ ಸಂದಿಯಿಂದ ಹೊಗೆ ಎದ್ದರೆ ಹಂಡೆಯ ಒಲೆಗೆ ಬೆಂಕಿ ಬಿತ್ತೆಂದೇ ಲೆಕ್ಕ. ವಾಸನೆ ಹಿಡಿದು ಉರುವಲಿನ ಜಾತಕ ಹೇಳುವವರೂ ಇದ್ದರು: ತೆಂಗಿನ ಕರಟವೋ, ಊರಿಂದ ಮೂಟೆ ಕಟ್ಟಿ ತಂದ ಅಡಿಕೆ ಸಿಪ್ಪೆಯೋ, ಮರದ ಮಿಲ್ಲಿನ ಹೊಟ್ಟೋ. ಕರಟ ಉರಿಸುವವರು ಅನುಕೂಲಸ್ಥರು. ಹಸಿ ಸಿಪ್ಪೆ ಉರಿಸುವವರು ಇಡೀ ಬೀದಿಯನ್ನು ಕೆಮ್ಮಿಸಿ ತಾವು ಮಾತ್ರ ಮಡಿಯಾಗುವವರು.

ನಮ್ಮ ಹಳೆಯ ಬಚ್ಚಲು ಕೆಡವಿ, ತಾರಸಿಯ ಮೇಲೆ ಸೋಲಾರ್ ಕೂರಿಸಿ, ಬಿಸಿನೀರಿನ ಪೈಪನ್ನು ಗೋಡೆಯೊಳಗೆ ಇಳಿಸುವುದೆಂದು ನಿಶ್ಚಯವಾದಾಗ ಮೊದಲ ತಕರಾರು ಭದ್ರಾವತಿಯಿಂದ ಬಂತು. ದೊಡ್ಡ ಭಾವ ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕೆನೆಬಣ್ಣದ ಸಿಪಿವಿಸಿ ಪೈಪನ್ನು ಎರಡೇ ಬೆರಳಲ್ಲಿ ಎತ್ತಿ ನೋಡಿದರು.

"ಇದ್ರಲ್ಲಿ ಬಿಸಿನೀರು ಬಿಡ್ತೀಯಾ ಮಾರಾಯಾ? ಕಬ್ಬಿಣದ್ದು ಹಾಕ್ಸು."

"ಜಿಐ ಒಳಗೊಳಗೇ ತುಕ್ಕು ಹಿಡಿಯುತ್ತೆ ಸಾರ್. ಇದು 93 ಡಿಗ್ರಿ ತಡಿಯುತ್ತೆ" ಎಂದ ಪ್ಲಂಬರ್.

"93 ಡಿಗ್ರೀಲಿ ಯಾರಪ್ಪಾ ಸ್ನಾನ ಮಾಡೋದು?"

1923ರಲ್ಲಿ ಆ ಕಾರ್ಖಾನೆ ಶುರುವಾದಾಗ ಅಲ್ಲಿ ಅದಿರು ಕರಗಿದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ. ಬೆಂಕಿ ಕಾಣದೆ ಬಿಸಿಯಾಗುವ ಯಾವುದನ್ನೂ ಭಾವ ನಂಬುವವರಲ್ಲ. ಆದರೆ ಪ್ಲಂಬರನಿಗೂ ಅವನದೇ ಶಾಸ್ತ್ರವಿತ್ತು. ನೀರಿನ ಬಿಸಿ 40 ಡಿಗ್ರಿ ಏರಿದರೆ 3 ಮೀಟರ್ ಸಿಪಿವಿಸಿ ಸುಮಾರು 8 ಮಿಲಿಮೀಟರ್ ಹಿಗ್ಗುತ್ತದೆ; ಕಬ್ಬಿಣವಾದರೆ ಒಂದೂವರೆ. ಹಿಗ್ಗಲು ಜಾಗ ಬಿಡದೆ ಗಾರೆ ಮೆತ್ತಿದರೆ ಗೋಡೆಯೇ ಬಾಯಿ ಬಿಡುತ್ತದೆ. ಅದಕ್ಕೆ ಗೋಡೆಯನ್ನು ತುಸು ಅಗಲವಾಗಿ ಕೊರೆದು, ಪೈಪಿಗೆ ಫೋಮ್ ತೊಡಿಸಿ, ನೀರು ತುಂಬಿ ಒತ್ತಡ ಹಾಕಿ ಸೋರುತ್ತಿಲ್ಲವೆಂದು ಖಾತರಿ ಮಾಡಿಕೊಂಡು, ಮೇಲೆ ಚಿಕನ್ ಮೆಶ್ ಬಡಿದು, ಆಮೇಲೆ ಗಾರೆ. ಫೋಮ್ ನೋಡಿದ ಅಮ್ಮ, "ಬಾಣಂತಿಗೆ ಕಿವಿ ಕಟ್ಟಿದ ಹಾಗೆ ಕಟ್ಟಿದ್ದೀರಲ್ಲೋ" ಎಂದು ಮೊದಲ ಸಲ ಒಪ್ಪಿಗೆಯ ನಗೆ ನಕ್ಕಳು.

ಆ ನಗೆ ಬಹಳ ದಿನ ಉಳಿಯಲಿಲ್ಲ. ತಾರಸಿಯಿಂದ ಬಚ್ಚಲಿಗೆ ಮುಕ್ಕಾಲು ಇಂಚಿನ ಪೈಪು 10 ಮೀಟರ್ ಬಂದರೂ ಅದರೊಳಗೆ ಎರಡೂವರೆ ಲೀಟರ್ ನೀರು ನಿಂತು ತಣ್ಣಗಾಗಿರುತ್ತದೆ. ಅದು ಪೂರ್ತಿ ಹೋದ ಮೇಲೆಯೇ ಬಿಸಿಯ ಸರದಿ. "ತುಂಗೆ ನೀರನ್ನ ಚರಂಡಿಗೆ ಬಿಡ್ತೀರಾ?" ಎಂದು ಅಮ್ಮ ಬಕೆಟ್ ಇಟ್ಟಳು, ದಾಸವಾಳದ ಗಿಡಕ್ಕೆ ಸುಖ ಬಂತು. ಹಂಡೆಯಿದ್ದಾಗ ನೀರು ನಮಗಾಗಿ ಕಾಯುತ್ತಿತ್ತು, ಈಗ ನಾವು ನೀರಿಗಾಗಿ ನಡುಗುತ್ತಾ ಕಾಯುತ್ತೇವೆ. ಆಷಾಢ ಕಾಲಿಟ್ಟರಂತೂ ಶಿವಮೊಗ್ಗದಲ್ಲಿ ಸೂರ್ಯನಿಗೇ ರಜೆ. 2007ರಲ್ಲಿ ದೊಡ್ಡ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿದ ಸರ್ಕಾರದ ಆದೇಶ ಮೋಡಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಮಳೆಗಾಲಕ್ಕೆಂದು ಗೀಸರಿನ ಪೈಪೂ ಅದೇ ಗೋಡೆ ಸೇರಿತು.

ಗಾರೆ ಬಳಿದು ಬಣ್ಣ ಹೊಡೆದ ಮೇಲೆ ಎಲ್ಲಿ ಏನಿದೆ ಎಂಬುದು ಗೋಡೆಗೇ ಗೊತ್ತು. ಪುಣ್ಯಕ್ಕೆ ಮಗಳು ಗೋಡೆ ತೆರೆದಿದ್ದಾಗಲೇ ಟೇಪು ಹಿಡಿಸಿ ಫೋಟೊ ತೆಗೆದಿಟ್ಟಿದ್ದಳು. ಈಗ ನಮ್ಮಲ್ಲಿ ಪಂಚಾಂಗ ನೋಡದೆ ಪ್ರಯಾಣ ಹೊರಟೇವು, ಅವಳ ಫೋನ್ ನೋಡದೆ ಮೊಳೆ ಹೊಡೆಯುವಂತಿಲ್ಲ. ಕ್ಯಾಲೆಂಡರು ಬಾಗಿಲ ಹಿಂದಕ್ಕೆ ಹೋಯಿತು. ಅಪ್ಪನ ಫೋಟೊ ಮೊದಲಿದ್ದ ಜಾಗಕ್ಕೆ ಸರಿಯಾಗಿ ಪೈಪು ಹಾದುದರಿಂದ, ಅದನ್ನು ಅಂಟಿಸುವ ಕೊಕ್ಕೆಗೆ ನೇತುಹಾಕಬೇಕಾಯಿತು. "ಅಲ್ಲೇ ಇರಲಿ ಬಿಡು, ಅವರಿಗೆ ಚಳಿ ತಡೀತಿರಲಿಲ್ಲ" ಎಂದಳು ಅಮ್ಮ. ಬದುಕಿರುವಷ್ಟು ಕಾಲ ನಸುಕಿನಲ್ಲೆದ್ದು ಒಲೆಗೆ ಸಿಪ್ಪೆ ತುಂಬಿ, ಎಲ್ಲರ ಸ್ನಾನ ಆದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಮುಗಿಸಿಕೊಳ್ಳುತ್ತಿದ್ದವರು ಅಪ್ಪ.

ನಿಜವಾದ ಪೇಚು ಬಂದದ್ದು ದೀಪಾವಳಿಗೆ, ನೀರು ತುಂಬುವ ಹಬ್ಬದ ಸಂಜೆ. ಹಂಡೆಯಿದ್ದಾಗ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿ, ಕೆಮ್ಮಣ್ಣು ಸುಣ್ಣದ ಪಟ್ಟೆ ಎಳೆದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತುತ್ತಿದ್ದರು. ಈಗ ಪೂಜೆ ಯಾವುದಕ್ಕೆ? ಸೋಲಾರ್ ಟ್ಯಾಂಕಿಗೆ ಏಣಿ ಹತ್ತಲು ಅಮ್ಮನ ಮಂಡಿ ಒಪ್ಪದು. "ನೀರು ಎಲ್ಲಿ ಬರುತ್ತೆ ತೋರ್ಸೇ" ಎಂದು ಮೊಮ್ಮಗಳನ್ನು ಕರೆದಳು. ಮೊಮ್ಮಗಳು ಫೋನ್ ಹಿಡಿದು, "ಇಲ್ಲಿಂದ ಮೇಲೆ ಅಜ್ಜಿ, ಗಡಿಯಾರದ ಹತ್ರ ಬಲಕ್ಕೆ" ಎನ್ನುತ್ತಾ ಹೋದಳು. ಕೈಗೆ ಎಟಕುವಷ್ಟೂ ದೂರ ಅಮ್ಮನ ಕೆಮ್ಮಣ್ಣಿನ ಬೆರಳು ಹೊಸ ಬಣ್ಣದ ಮೇಲೆ ನಡೆಯಿತು.

ನನ್ನ ಹೆಂಡತಿ ಎರಡು ದಿನ ಗೋಡೆಯ ಕಡೆ ನೋಡಲಿಲ್ಲ. ಹಬ್ಬ ಕಳೆದು ಕನ್ನಡಿ ಕೂರಿಸಲು ಬಂದ ಬಡಗಿ ಡ್ರಿಲ್ ಎತ್ತಿದವನು ಗೆರೆ ಕಂಡು ನಿಂತ. ವಿಷಯ ತಿಳಿದು, "ಎಲ್ರೂ ಹೀಗೆ ಗುರುತು ಮಾಡಿದ್ರೆ ನಮ್ಮ ಕೆಲಸ ಎಷ್ಟು ಸಲೀಸಮ್ಮಾ!" ಎಂದ. ಗೆರೆ ಅಳಿಸುವ ಮಾತು ಅಲ್ಲಿಗೆ ನಿಂತಿತು. ಮುಂದಿನ ದೀಪಾವಳಿಗೆ ತಣ್ಣೀರಿನ ಪೈಪಿಗೆ ಸುಣ್ಣದ ಗೆರೆ ಎಳೆಯುವುದೆಂದು ಹೆಂಡತಿಯೇ ತೀರ್ಮಾನಿಸಿದ್ದಾಳೆ.